ಸೊನ್ನೆ, ಸೊನ್ನೆ, ಎರಡು: ರ್‍ಯಾಕೆಟ್ ಆಟಗಳ ಸ್ಕೋರ್ ಲೆಕ್ಕ

ಪ್ಯಾಡಲ್ ಎಂಬ ಚಪ್ಪಟೆ ಬ್ಯಾಟ್ ಹಿಡಿದು ಆಡುವ ಪಿಕಲ್‌ಬಾಲ್ ಆಟವನ್ನು ಮೊದಲ ಸಲ ನೋಡುವವರಿಗೂ ಆಟ ಬೇಗ ಅರ್ಥವಾಗುತ್ತದೆ. ಚೆಂಡು ನೆಟ್ ದಾಟಬೇಕು, ಗೆರೆಯೊಳಗೆ ಬೀಳಬೇಕು. ತಲೆ ಕೆಡುವುದು ಸ್ಕೋರ್ ಕೂಗಿದಾಗ. ಡಬಲ್ಸ್ ಶುರುವಾಗುವಾಗ ಸರ್ವ್ ಮಾಡುವವರು "ಸೊನ್ನೆ, ಸೊನ್ನೆ, ಎರಡು" ಎನ್ನುತ್ತಾರೆ. ಇನ್ನೂ ಒಂದು ಚೆಂಡನ್ನೂ ಹೊಡೆದಿಲ್ಲ. ಹಾಗಿದ್ದರೆ ಆ ಎರಡು ಎಲ್ಲಿಂದ ಬಂತು?

ಇದಕ್ಕೆ ಉತ್ತರ ಚಿಕ್ಕದು. ಆದರೆ ಅದರ ಎಳೆ ಹಿಡಿದು ಹೋದರೆ ಬ್ಯಾಡ್ಮಿಂಟನ್, ಸ್ಕ್ವಾಷ್, ಟೇಬಲ್ ಟೆನಿಸ್, ಟೆನಿಸ್ ಎಲ್ಲದರ ಲೆಕ್ಕವೂ ಬಿಡಿಸಿಕೊಳ್ಳುತ್ತದೆ. ಸ್ಕೋರ್ ಅಂದರೆ ಸುಮ್ನೆ ಎಣಿಕೆ ಅಂತ ನಾವು ಅಂದುಕೊಳ್ಳುತ್ತೇವೆ. ಅದು ಮಾಡುವ ಕೆಲಸ ಅದಕ್ಕಿಂತ ಜಾಸ್ತಿ. ಮುಂದಿನ ಸರ್ವ್ ಯಾರದು, ಯಾವ ಕಡೆಯಿಂದ ಮಾಡಬೇಕು, ಈ ರ್‍ಯಾಲಿ (ಒಂದು ಸರ್ವ್‌ನಿಂದ ಚೆಂಡು ನಿಲ್ಲುವವರೆಗಿನ ಹೊಡೆತಗಳ ಸರಣಿ) ಸೋತರೆ ಎಷ್ಟು ನಷ್ಟ, ಆಟ ಯಾವಾಗ ಮುಗಿಯಬೇಕು ಎನ್ನುವುದನ್ನೆಲ್ಲ ಅದೇ ತೀರ್ಮಾನಿಸುತ್ತದೆ. ಸ್ಕೋರಿಂಗ್ ಬದಲಾದರೆ ಆಡುವ ರೀತಿಯೇ ಬದಲಾಗುತ್ತದೆ.

ಮೂರು ಸಂಖ್ಯೆಗಳ ಗುಟ್ಟು

ಪಿಕಲ್‌ಬಾಲ್ ಡಬಲ್ಸ್‌ನಲ್ಲಿ ಕೂಗುವ ಮೊದಲ ಸಂಖ್ಯೆ ಸರ್ವ್ ಮಾಡುತ್ತಿರುವ ತಂಡದ ಪಾಯಿಂಟ್. ಎರಡನೆಯದು ಎದುರಾಳಿಗಳ ಪಾಯಿಂಟ್. ಮೂರನೆಯದು ಪಾಯಿಂಟೇ ಅಲ್ಲ. ಈಗ ಸರ್ವ್ ಮಾಡುತ್ತಿರುವವರು ತಮ್ಮ ತಂಡದ ಮೊದಲನೇ ಸರ್ವರೋ ಎರಡನೇ ಸರ್ವರೋ ಅಂತ ಹೇಳುತ್ತದೆ, ಅಷ್ಟೇ.

ಹಳೆಯ, ಈಗಲೂ ಹೆಚ್ಚು ಕಡೆ ನಡೆಯುವ ಪದ್ಧತಿ ಸೈಡ್ ಔಟ್ ಸ್ಕೋರಿಂಗ್. ಇದರಲ್ಲಿ ಸರ್ವ್ ಮಾಡುವ ತಂಡಕ್ಕೆ ಮಾತ್ರ ಪಾಯಿಂಟ್ ಸಿಗುತ್ತದೆ. ಸರ್ವ್ ಎದುರಿಸುವ ತಂಡ ರ್‍ಯಾಲಿ ಗೆದ್ದರೆ ಅವರಿಗೆ ಪಾಯಿಂಟ್ ಬರುವುದಿಲ್ಲ, ಎದುರಾಳಿಯ ಒಬ್ಬ ಸರ್ವರ್‌ನ ಸರದಿ ಮುಗಿಯುತ್ತದೆ. ಇಬ್ಬರ ಸರದಿಯೂ ಮುಗಿದರೆ ಸರ್ವ್ ಆಚೆ ಕಡೆಗೆ ಹೋಗುತ್ತದೆ. ಅದೇ ಸೈಡ್ ಔಟ್. ಮೊದಲು 11 ಮುಟ್ಟಿ, ಕನಿಷ್ಠ ಎರಡು ಪಾಯಿಂಟ್ ಮುಂದಿರುವವರು ಗೇಮ್ ಗೆಲ್ಲುತ್ತಾರೆ.

ಒಂದು ಗೇಮಿನ ಶುರುವನ್ನು ಹೆಜ್ಜೆ ಹೆಜ್ಜೆಯಾಗಿ ನೋಡೋಣ. ನೀವು ಬಲಗಡೆ ನಿಂತಿದ್ದೀರಿ, ನಿಮ್ಮ ಜೊತೆಗಾರ ಎಡಗಡೆ. ಮೊದಲ ಸರ್ವ್ ನಿಮ್ಮದು. 0-0-2 ಅಂತ ಕೂಗಿ ಸರ್ವ್ ಮಾಡುತ್ತೀರಿ, ರ್‍ಯಾಲಿ ಗೆಲ್ಲುತ್ತೀರಿ. ಪಾಯಿಂಟ್ ಬಂತು. ಈಗ ನೀವೂ ಜೊತೆಗಾರರೂ ಜಾಗ ಬದಲಿಸುತ್ತೀರಿ. ನೀವು ಎಡಗಡೆಯಿಂದ 1-0-2 ಅಂತ ಕೂಗಿ ಸರ್ವ್ ಮಾಡುತ್ತೀರಿ. ಈ ಸಲ ರ್‍ಯಾಲಿ ಸೋತಿರಿ. ನೀವು ಎರಡನೇ ಸರ್ವರ್ ಅಂತಲೇ ಶುರು ಮಾಡಿದ್ದರಿಂದ ಸೈಡ್ ಔಟ್.

ಆ ಎರಡು ಬಂದಿದ್ದು ಇಲ್ಲಿಂದಲೇ. ಮೊದಲು ಸರ್ವ್ ಸಿಕ್ಕ ತಂಡಕ್ಕೆ ಇಬ್ಬರು ಸರ್ವರ್‌ಗಳನ್ನೂ ಕೊಟ್ಟರೆ ಎದುರಾಳಿಗೆ ಪಾಯಿಂಟ್ ಗಳಿಸುವ ಅವಕಾಶ ಸಿಗುವ ಮೊದಲೇ ಇವರು ಮುಂದೆ ಓಡಬಹುದು. ಅದಕ್ಕೇ ಆ ತಂಡಕ್ಕೆ ಮೊದಲ ಸರದಿಯಲ್ಲಿ ಒಬ್ಬರೇ ಸರ್ವರ್.

ಈಗ ಆಚೆ ಕಡೆಯವರ ಸರದಿ. ಅವರಲ್ಲಿ ಬಲಗಡೆ ನಿಂತಿರುವವರು ಮೊದಲನೇ ಸರ್ವರ್. ಅವರು ಕೂಗುವುದು 0-1-1. ತಮ್ಮ ಸೊನ್ನೆ ಮೊದಲು, ನಿಮ್ಮ ಒಂದು ಆಮೇಲೆ. ಅವರು ಒಂದು ಪಾಯಿಂಟ್ ಗೆದ್ದು ಜಾಗ ಬದಲಿಸಿ 1-1-1 ಅಂತ ಕೂಗುತ್ತಾರೆ. ಆಮೇಲೆ ಸೋಲುತ್ತಾರೆ. ಈಗ ಅವರ ಜೊತೆಗಾರರ ಸರದಿ: 1-1-2. ಜೊತೆಗಾರರು ತಾವು ಎಲ್ಲಿ ನಿಂತಿದ್ದಾರೋ ಅಲ್ಲಿಂದಲೇ ಸರ್ವ್ ಮಾಡುತ್ತಾರೆ. ಪಾಯಿಂಟ್ ಬಂದಿಲ್ಲವಲ್ಲ, ಹಾಗಾಗಿ ಯಾರೂ ಜಾಗ ಬದಲಿಸುವುದಿಲ್ಲ. ಅವರೂ ಸೋತರೆ ಸರ್ವ್ ನಿಮ್ಮ ಕಡೆಗೆ ಬರುತ್ತದೆ.

ಹೊಸಬರು ಎಡವುವುದು ಇಲ್ಲೇ. ಮೊದಲ ಸಲ ಸರ್ವ್ ಮಾಡಿದ್ದು ನಾನೇ, ಈಗಲೂ ನಾನೇ ಶುರು ಮಾಡಬೇಕು ಅಂದುಕೊಳ್ಳುತ್ತಾರೆ. ಅದು ಸರಿಯಲ್ಲ. ಸರ್ವ್ ವಾಪಸ್ ಬಂದಾಗ ಬಲಗಡೆ ಯಾರಿದ್ದಾರೋ ಅವರೇ ಆ ಸರದಿಯ ಮೊದಲನೇ ಸರ್ವರ್. ನೀವು ಒಂದು ಪಾಯಿಂಟ್ ಗೆದ್ದು ಎಡಕ್ಕೆ ಹೋಗಿದ್ದಿರಿ, ನಿಮ್ಮ ಜೊತೆಗಾರ ಬಲಗಡೆ ಇದ್ದಾರೆ. ಆದ್ದರಿಂದ ಅವರೇ 1-1-1 ಅಂತ ಕೂಗಿ ಶುರು ಮಾಡಬೇಕು. ಒಂದು, ಎರಡು ಎನ್ನುವುದು ಆಟಗಾರರಿಗೆ ಅಂಟಿಕೊಂಡ ನಂಬರ್ ಅಲ್ಲ. ಪ್ರತಿ ಸರದಿಗೂ ಹೊಸದಾಗಿ ತೀರ್ಮಾನವಾಗುತ್ತದೆ.

ಇದರಲ್ಲೇ ಒಂದು ಅನುಕೂಲವೂ ಅಡಗಿದೆ. ಪಾಯಿಂಟ್ ಬಂದಾಗ ಮಾತ್ರ ಜಾಗ ಬದಲಿಸುವುದರಿಂದ, ಗೇಮನ್ನು ಶುರು ಮಾಡಿದ ಸರ್ವರ್ ಬಲಗಡೆ ಇದ್ದರೆ ತಂಡದ ಸ್ಕೋರ್ ಸಮಸಂಖ್ಯೆ, ಎಡಗಡೆ ಇದ್ದರೆ ಬೆಸಸಂಖ್ಯೆ. "ನಮ್ಮದು ಆರೋ ಏಳೋ" ಅಂತ ಗೊಂದಲವಾದರೆ ಕಾಲು ಎಲ್ಲಿದೆ ನೋಡಿಕೊಂಡರೆ ಸಾಕು. ಟೂರ್ನಿಗಳಲ್ಲಿ ಮೊದಲ ಸರ್ವರ್ ಕೈಗೆ ಪಟ್ಟಿ ಕಟ್ಟಿಕೊಳ್ಳುವುದು ಇದಕ್ಕೇ. ಸಿಂಗಲ್ಸ್‌ನಲ್ಲಿ ಈ ಗೋಜಿಲ್ಲ. ಎರಡೇ ಸಂಖ್ಯೆ. ನಿಮ್ಮ ಸ್ಕೋರ್ ಸಮ ಇದ್ದರೆ ಬಲದಿಂದ, ಬೆಸ ಇದ್ದರೆ ಎಡದಿಂದ ಸರ್ವ್.

ಈ ಲೆಕ್ಕ ಹೊಸದೇನಲ್ಲ

ಇದನ್ನು ಓದುವಾಗ ಹಳೆಯ ಬ್ಯಾಡ್ಮಿಂಟನ್ ಆಡಿದವರಿಗೆ ಏನೋ ನೆನಪಾಗಿರಬೇಕು. 2006ಕ್ಕೆ ಮೊದಲು ಬ್ಯಾಡ್ಮಿಂಟನ್ ಡಬಲ್ಸ್ ನಡೆಯುತ್ತಿದ್ದುದೂ ಬಹುಪಾಲು ಹೀಗೆಯೇ. ಸರ್ವ್ ಇದ್ದವರಿಗೆ ಮಾತ್ರ ಪಾಯಿಂಟ್, ತಂಡಕ್ಕೆ ಇಬ್ಬರು ಸರ್ವರ್, ಗೇಮಿನ ಮೊದಲ ಸರದಿಯಲ್ಲಿ ಮಾತ್ರ ಒಬ್ಬರೇ. ಪಿಕಲ್‌ಬಾಲ್ ಹುಟ್ಟಿದ್ದು 1965ರಲ್ಲಿ, ಅಮೆರಿಕದ ವಾಷಿಂಗ್ಟನ್ ರಾಜ್ಯದ ಬೇನ್‌ಬ್ರಿಜ್ ದ್ವೀಪದಲ್ಲಿ. ಜೋಯೆಲ್ ಪ್ರಿಚರ್ಡ್, ಬಿಲ್ ಬೆಲ್, ಬಾರ್ನಿ ಮೆಕ್‌ಕಲಮ್ ಸೇರಿ ಕಟ್ಟಿದ ಆಟ ಅದು. ಅವರು ಆಡಿದ್ದು ಮನೆಯ ಹತ್ತಿರ ಇದ್ದ ಹಳೆಯ ಬ್ಯಾಡ್ಮಿಂಟನ್ ಕೋರ್ಟಿನಲ್ಲಿ. ಇವತ್ತಿಗೂ ಪಿಕಲ್‌ಬಾಲ್ ಕೋರ್ಟ್ ಅಳತೆ 20 ಅಡಿ ಅಗಲ, 44 ಅಡಿ ಉದ್ದ. ಬ್ಯಾಡ್ಮಿಂಟನ್ ಡಬಲ್ಸ್ ಕೋರ್ಟಿನದೂ ಅಷ್ಟೇ. ಬ್ಯಾಡ್ಮಿಂಟನ್ ಆ ಲೆಕ್ಕವನ್ನು ಬಿಟ್ಟುಬಿಟ್ಟಿತು, ಪಿಕಲ್‌ಬಾಲ್ ಉಳಿಸಿಕೊಂಡಿದೆ.

ಬ್ಯಾಡ್ಮಿಂಟನ್ ಯಾಕೆ ಬಿಟ್ಟಿತು? ಮುಖ್ಯವಾಗಿ ಸಮಯದ ಕಾರಣಕ್ಕೆ. ಸರ್ವ್ ಇದ್ದವರಿಗೆ ಮಾತ್ರ ಪಾಯಿಂಟ್ ಎಂದಾಗ ಸ್ಕೋರ್ ಅಲ್ಲೇ ನಿಂತುಬಿಡುತ್ತದೆ. ಪಿಕಲ್‌ಬಾಲಿನಲ್ಲಿ 4-4-1 ಇದೆ ಅಂದುಕೊಳ್ಳಿ. ಮೊದಲನೇ ಸರ್ವರ್ ಸೋತರು, ಎರಡನೇ ಸರ್ವರ್ ಸೋತರು, ಸೈಡ್ ಔಟ್. ಆಚೆ ಕಡೆಯ ಇಬ್ಬರೂ ಸೋತರು, ಮತ್ತೆ ಸೈಡ್ ಔಟ್. ನಾಲ್ಕು ರ್‍ಯಾಲಿ ಆಡಿದ ಮೇಲೂ ಸ್ಕೋರ್ 4-4-1. ನೋಡುವವರಿಗೆ ಏನೂ ನಡೆದೇ ಇಲ್ಲ ಅನ್ನಿಸುತ್ತದೆ, ಆಡುವವರು ಬೆವರಿಳಿಸಿಕೊಂಡು ನಿಂತಿರುತ್ತಾರೆ. 11-3ರಲ್ಲಿ ಮುಗಿದ ಗೇಮ್ 11-9ರ ಗೇಮಿಗಿಂತ ಹೆಚ್ಚು ಹೊತ್ತು ಹಿಡಿಯಬಹುದು. ಟಿವಿಯವರಿಗೂ ಟೂರ್ನಿ ನಡೆಸುವವರಿಗೂ ಇದು ದೊಡ್ಡ ತಲೆನೋವು.

ಪ್ರಕಾಶ್ ಪಡುಕೋಣೆ 1980ರಲ್ಲಿ ಆಲ್ ಇಂಗ್ಲೆಂಡ್ ಫೈನಲ್‌ನಲ್ಲಿ ಇಂಡೊನೇಷ್ಯಾದ ಲಿಯೆಮ್ ಸ್ವೀ ಕಿಂಗ್ ಅವರನ್ನು 15-3, 15-10ರಿಂದ ಸೋಲಿಸಿದ್ದು ಹಳೆಯ ಲೆಕ್ಕದಲ್ಲಿ. ಆ 15-3 ನೋಡಿ ಮೊದಲ ಗೇಮ್‌ನಲ್ಲಿ ಹದಿನೆಂಟೇ ರ್‍ಯಾಲಿ ನಡೆದವು ಅಂದುಕೊಳ್ಳಬಾರದು. ಸರ್ವ್ ಕೈ ಬದಲಾದ ರ್‍ಯಾಲಿಗಳು ಸ್ಕೋರಿನಲ್ಲಿ ಕಾಣುವುದೇ ಇಲ್ಲ. 2006ರಲ್ಲಿ ಬಂದ 21 ಪಾಯಿಂಟ್‌ಗಳ ರ್‍ಯಾಲಿ ಸ್ಕೋರಿಂಗ್‌ನಲ್ಲಿ ಹಾಗಲ್ಲ. ಯಾರು ಸರ್ವ್ ಮಾಡಿದ್ದರೂ ರ್‍ಯಾಲಿ ಗೆದ್ದವರಿಗೆ ಪಾಯಿಂಟ್. 2016ರ ರಿಯೊ ಒಲಿಂಪಿಕ್ಸ್ ಫೈನಲ್‌ನಲ್ಲಿ ಕರೋಲಿನಾ ಮರಿನ್ ಪಿ.ವಿ. ಸಿಂಧು ಅವರನ್ನು 19-21, 21-12, 21-15ರಿಂದ ಸೋಲಿಸಿದರು. ಕೂಡಿಸಿದರೆ 109. ಅಲ್ಲಿ ಪಾಯಿಂಟ್ ತಂದ ರ್‍ಯಾಲಿಗಳು ಅಷ್ಟೇ, ಒಂದೂ ಲೆಕ್ಕದಿಂದ ತಪ್ಪಿಸಿಕೊಂಡಿಲ್ಲ. ಆಮೇಲೆ 2025ರಲ್ಲಿ ಬ್ಯಾಡ್ಮಿಂಟನ್ ವಿಶ್ವ ಫೆಡರೇಷನ್ 15 ಪಾಯಿಂಟ್‌ಗಳ ಮೂರು ಗೇಮ್ ಪದ್ಧತಿಯನ್ನೂ ಕೆಲವು ಟೂರ್ನಿಗಳಲ್ಲಿ ಪರೀಕ್ಷೆ ಮಾಡಿ ನೋಡಿತು.

ಸ್ಕ್ವಾಷ್ ಕತೆಯೂ ಇದೇ. ಅಲ್ಲಿ ಬಹಳ ಕಾಲ 9 ಪಾಯಿಂಟ್‌ಗಳ ಗೇಮ್ (8-8 ಆದರೆ 10ರವರೆಗೂ ಹೋಗಬಹುದಿತ್ತು), ಸರ್ವ್ ಇದ್ದವರಿಗೆ ಮಾತ್ರ ಪಾಯಿಂಟ್. 1983ರಲ್ಲಿ ಪಾಕಿಸ್ತಾನದ ಜಹಾಂಗೀರ್ ಖಾನ್ ಮತ್ತು ಈಜಿಪ್ಟಿನ ಗಮಾಲ್ ಅವಾದ್ ನಡುವೆ ಚಿಚೆಸ್ಟರ್‌ನಲ್ಲಿ ನಡೆದ ಪಂದ್ಯ ನಾಲ್ಕೇ ಗೇಮ್‌ಗಳಿಗೆ ಸುಮಾರು ಎರಡು ಮುಕ್ಕಾಲು ಗಂಟೆ ಹಿಡಿಯಿತು. ಮೊದಲ ಗೇಮ್ ಒಂದೇ ಒಂದು ಗಂಟೆ ದಾಟಿತ್ತು. 10-9ರಲ್ಲಿ ಮುಗಿದ ಗೇಮ್ ಅದು! ಈಗ ಸ್ಕ್ವಾಷ್‌ನಲ್ಲೂ ರ್‍ಯಾಲಿ ಗೆದ್ದವರಿಗೆ ಪಾಯಿಂಟ್, 11ಕ್ಕೆ ಗೇಮ್.

ಸರ್ವ್ ಲಾಭವೋ ನಷ್ಟವೋ?

ಒಂದು ಆಟಕ್ಕೆ ಯಾವ ಲೆಕ್ಕ ಹೊಂದುತ್ತದೆ ಎನ್ನುವುದು ಆ ಆಟದಲ್ಲಿ ಸರ್ವ್ ಎಷ್ಟು ಬಲವಾದದ್ದು ಎನ್ನುವುದರ ಮೇಲೆ ನಿಂತಿದೆ. ಸ್ಕೋರಿಂಗ್ ಬಗ್ಗೆ ವಾದ ಮಾಡುವವರು ಹೆಚ್ಚಾಗಿ ಇದನ್ನು ಮರೆತುಬಿಡುತ್ತಾರೆ.

ಟೆನಿಸ್‌ನಲ್ಲಿ ಸರ್ವ್ ಒಂದು ಆಯುಧ. ಚೆಂಡನ್ನು ತಲೆಯ ಮೇಲಿಂದ ಬಾರಿಸಬಹುದು, ಒಂದು ತಪ್ಪಿದರೆ ಇನ್ನೊಂದು ಅವಕಾಶವೂ ಇದೆ. ಪಿಕಲ್‌ಬಾಲ್‌ನಲ್ಲಿ ತದ್ವಿರುದ್ಧ. ಸಾಮಾನ್ಯ ಸರ್ವ್‌ನಲ್ಲಿ ಸೊಂಟದ ಕೆಳಗಿಂದ, ಕೈಯನ್ನು ಮೇಲ್ಮುಖವಾಗಿ ಬೀಸಿ ಹೊಡೆಯಬೇಕು. ಅದಕ್ಕಿಂತ ದೊಡ್ಡ ಕಟ್ಟು ಎರಡು ಪುಟಿತದ ನಿಯಮ. ಸರ್ವ್ ಎದುರಾಳಿಯ ಕಡೆ ಒಂದು ಸಲ ಪುಟಿಯಬೇಕು, ಅವರು ವಾಪಸ್ ಕಳಿಸಿದ್ದು ಸರ್ವ್ ಮಾಡಿದವರ ಕಡೆಯೂ ಒಂದು ಸಲ ಪುಟಿಯಬೇಕು. ಆಮೇಲಷ್ಟೇ ಗಾಳಿಯಲ್ಲೇ ಹೊಡೆಯುವ ಅವಕಾಶ. ಹಾಗಾಗಿ ಸರ್ವ್ ಮಾಡಿದ ಇಬ್ಬರೂ ಹಿಂದಿನ ಗೆರೆಯ ಹತ್ತಿರವೇ ಕಾಯಬೇಕು. ಎದುರಾಳಿಗಳು ಅಷ್ಟರಲ್ಲಿ ನೆಟ್ ಕಡೆಗೆ ಓಡಿ ಬಂದು ಕಿಚನ್ (ನೆಟ್ ಪಕ್ಕದ, ಚೆಂಡನ್ನು ಗಾಳಿಯಲ್ಲೇ ಹೊಡೆಯಬಾರದ ಜಾಗ) ಗೆರೆಯ ಹಿಂದೆ ಸಜ್ಜಾಗಿ ನಿಂತಿರುತ್ತಾರೆ. ನೆಟ್‌ನಿಂದ 7 ಅಡಿ ದೂರದ ಆ ಗೆರೆಯನ್ನು ಹಿಡಿದವರದೇ ಮೇಲುಗೈ. ಸರ್ವ್ ಮಾಡಿದವರು ಅಲ್ಲಿಗೆ ತಲುಪಬೇಕಾದರೆ ಮೂರನೇ ಹೊಡೆತವನ್ನು ಮೆತ್ತಗೆ ಕಿಚನ್ ಒಳಗೆ ಬೀಳಿಸಿ ಸಮಯ ಗಳಿಸಬೇಕು. ಥರ್ಡ್ ಶಾಟ್ ಡ್ರಾಪ್ ಅಂತ ಎಲ್ಲರೂ ಹೇಳುವುದು ಇದನ್ನೇ.

ಹಾಗಾದರೆ ಪಿಕಲ್‌ಬಾಲ್ ಡಬಲ್ಸ್‌ನಲ್ಲಿ ಕಷ್ಟದ ಜಾಗದಲ್ಲಿ ನಿಂತವರಿಗೆ ಮಾತ್ರ ಪಾಯಿಂಟ್. ಬಲವಾದ ಜಾಗದಲ್ಲಿರುವವರು ರ್‍ಯಾಲಿ ಗೆದ್ದರೂ ಸ್ಕೋರ್ ಏರುವುದಿಲ್ಲ. ಆಟ ಎಳೆಯಲು ಇದೇ ಕಾರಣ. ಆದರೆ ಇನ್ನೊಂದು ಕಡೆಯಿಂದ ನೋಡಿದರೆ ಸರ್ವ್ ಮಾಡುವವರಿಗೆ ಧೈರ್ಯ ಕೊಡುವ ಲೆಕ್ಕವೂ ಹೌದು. ರ್‍ಯಾಲಿ ಸೋತರೆ ಅವರಿಗೆ ಹೋಗುವುದು ಸರ್ವ್ ಮಾತ್ರ, ಎದುರಾಳಿಗೆ ಪಾಯಿಂಟ್ ಸಿಗುವುದಿಲ್ಲ. ಸಾಹಸದ ಹೊಡೆತ ಪ್ರಯತ್ನಿಸಬಹುದು. ಎದುರಿಸುವವರು ತಪ್ಪು ಮಾಡಿದರೆ ಮಾತ್ರ ಪಾಯಿಂಟೇ ಹೋಗುತ್ತದೆ, ಅವರು ಹುಷಾರಾಗಿ ಆಡಬೇಕು.

ಬ್ಯಾಡ್ಮಿಂಟನ್ ಡಬಲ್ಸ್‌ನಲ್ಲೂ ಸರ್ವ್ ಬಲವಾದದ್ದಲ್ಲ. ಷಟಲನ್ನು ಕೆಳಗಿಂದ ಮೇಲಕ್ಕೇ ಹೊಡೆಯಬೇಕಲ್ವಾ? ಈಗಿನ ನಿಯಮದಲ್ಲಿ ರ್‍ಯಾಲಿ ಗೆದ್ದವರೇ ಮುಂದಿನ ಸರ್ವ್ ಮಾಡುತ್ತಾರೆ. ಅಂದರೆ ಗೆದ್ದವರಿಗೆ ಒಂದು ಪಾಯಿಂಟಿನ ಜೊತೆಗೆ ಸ್ವಲ್ಪ ಕಷ್ಟದ ಕೆಲಸವೂ ಸಿಗುತ್ತದೆ. ಓಡುವವರನ್ನು ಮೆಲ್ಲಗೆ ಹಿಡಿದು ನಿಲ್ಲಿಸುವ ಬ್ರೇಕ್ ಇದು. ಟೆನಿಸ್‌ನಲ್ಲಿ ಗೆದ್ದವರೇ ಸರ್ವ್ ಮುಂದುವರಿಸುವಂತೆ ಮಾಡಿದ್ದರೆ ಒಳ್ಳೆಯ ಸರ್ವ್ ಇರುವವರನ್ನು ತಡೆಯುವುದೇ ಕಷ್ಟವಾಗುತ್ತಿತ್ತು. ಅದಕ್ಕೇ ಅಲ್ಲಿ ಒಂದು ಇಡೀ ಗೇಮ್ ಒಬ್ಬರ ಸರ್ವ್, ಮುಂದಿನ ಗೇಮ್ ಇನ್ನೊಬ್ಬರದು. ಯಾರು ಗೆದ್ದರೂ ಸರದಿ ಬದಲಾಗುವುದಿಲ್ಲ. ಟೇಬಲ್ ಟೆನಿಸ್‌ನಲ್ಲಿ ತಲಾ ಎರಡು ಸರ್ವ್. 2001ರವರೆಗೆ ಅದು ತಲಾ ಐದಾಗಿತ್ತು. ಆ ವರ್ಷ ಗೇಮನ್ನು 21ರಿಂದ 11ಕ್ಕೆ ಇಳಿಸಿದಾಗ ಸರ್ವ್ ಸರದಿಯನ್ನೂ ಇಳಿಸಿದರು.

ಜಾಸ್ತಿ ಪಾಯಿಂಟ್ ಗೆದ್ದವರು ಸೋಲಬಹುದು

ಟೆನಿಸ್ ಲೆಕ್ಕದಲ್ಲಿ 15, 30, 40 ನೋಡಿ ಹೆದರುವುದು ಬೇಡ. ಒಂದು, ಎರಡು, ಮೂರು ಅಂತ ಓದಿಕೊಂಡರೆ ಆಯಿತು. ನಾಲ್ಕನೇ ಪಾಯಿಂಟ್ ಗೆದ್ದರೆ ಗೇಮ್, ಎರಡರ ಅಂತರ ಇರಬೇಕು. 40-40 ಆದರೆ ಡ್ಯೂಸ್, ಅಲ್ಲಿಂದ ಒಂದು ಗೆದ್ದರೆ ಅಡ್ವಾಂಟೇಜ್, ಇನ್ನೊಂದು ಗೆದ್ದರೆ ಗೇಮ್. ಆರು ಗೇಮ್ ಗೆದ್ದರೆ ಸೆಟ್, ಅಲ್ಲೂ ಎರಡರ ಅಂತರ. 6-6 ಆದರೆ ಟೈ ಬ್ರೇಕ್, ಅಂದರೆ ಪಾಯಿಂಟ್‌ಗಳನ್ನು ಒಂದು, ಎರಡು ಅಂತಲೇ ಎಣಿಸಿ ಸೆಟ್ ತೀರ್ಮಾನಿಸುವ ಕೊನೆಯ ಗೇಮ್. ಮೂರರಲ್ಲಿ ಎರಡು ಸೆಟ್, ಅಥವಾ ಐದರಲ್ಲಿ ಮೂರು ಸೆಟ್ ಗೆದ್ದವರಿಗೆ ಪಂದ್ಯ.

ಇಲ್ಲಿ ಮುಖ್ಯ ಸಂಗತಿ ಈ ಪದರಗಳೇ. ಪಾಯಿಂಟ್‌ಗಳು ಸೇರಿ ಗೇಮ್, ಗೇಮ್‌ಗಳು ಸೇರಿ ಸೆಟ್, ಸೆಟ್‌ಗಳು ಸೇರಿ ಪಂದ್ಯ. ಒಂದು ಪದರ ಮುಗಿದಾಗ ಅದರೊಳಗಿನ ಉಳಿಕೆಯೆಲ್ಲ ಅಳಿಸಿ ಹೋಗುತ್ತದೆ. ನೀವು ಒಂದು ಗೇಮನ್ನು ಸೊನ್ನೆಗೆ ಗೆದ್ದರೂ ಅದು ಒಂದೇ ಗೇಮ್. ಹತ್ತು ಡ್ಯೂಸ್ ಆಡಿ ಸೋತರೂ ಒಂದೇ ಗೇಮ್. ಚುನಾವಣೆಯಲ್ಲಿ ಜಾಸ್ತಿ ಮತ ಪಡೆದ ಪಕ್ಷಕ್ಕೆ ಕಡಿಮೆ ಸೀಟು ಬರುವ ಹಾಗೆ, ಜಾಸ್ತಿ ಪಾಯಿಂಟ್ ಗೆದ್ದವರು ಪಂದ್ಯ ಸೋಲಬಹುದು.

ಸುಮ್ನೆ ಲೆಕ್ಕಕ್ಕೆ ಹೇಳುವ ಮಾತಲ್ಲ ಇದು. 2019ರ ವಿಂಬಲ್ಡನ್ ಫೈನಲ್ ನೋಡಿ. ರೋಜರ್ ಫೆಡರರ್ ಗೆದ್ದ ಪಾಯಿಂಟ್ 218, ನೊವಾಕ್ ಜೊಕೊವಿಚ್ ಗೆದ್ದದ್ದು 204. ಗೇಮ್‌ಗಳಲ್ಲೂ ಫೆಡರರ್ ಮುಂದೆ, 36-32. ಆದರೆ ಕಪ್ ಜೊಕೊವಿಚ್ ಕೈಗೆ ಹೋಯಿತು: 7-6, 1-6, 7-6, 4-6, 13-12. ಫೆಡರರ್ ಎರಡನೇ ಸೆಟ್ಟನ್ನು 6-1ರಿಂದ ಬಾಚಿಕೊಂಡರು, ಆದರೆ ಅಷ್ಟು ದೊಡ್ಡ ಅಂತರಕ್ಕೂ ಸಿಕ್ಕಿದ್ದು ಒಂದೇ ಸೆಟ್. ಜೊಕೊವಿಚ್ ಗೆದ್ದ ಮೂರೂ ಸೆಟ್ ಟೈ ಬ್ರೇಕ್‌ನಲ್ಲಿ ಬಂದವು. ಕೊನೆಯ ಸೆಟ್‌ನಲ್ಲಿ 8-7, 40-15 ಇದ್ದಾಗ ಸರ್ವ್ ಫೆಡರರ್‌ದೇ. ಎರಡರಲ್ಲಿ ಒಂದು ಪಾಯಿಂಟ್ ಗೆದ್ದಿದ್ದರೆ ಪಂದ್ಯವೇ ಮುಗಿಯುತ್ತಿತ್ತು. ಎರಡನ್ನೂ ಜೊಕೊವಿಚ್ ಉಳಿಸಿಕೊಂಡರು. 422 ಪಾಯಿಂಟ್‌ಗಳ ಪಂದ್ಯದಲ್ಲಿ ಆ ಎರಡರ ತೂಕ ಬೇರೆಯೇ ಆಗಿತ್ತು. ನನಗೆ ಟೆನಿಸ್ ಲೆಕ್ಕದಲ್ಲಿ ಇಷ್ಟವಾಗುವುದೂ ಇದೇ, ಕೆಲವರಿಗೆ ಅನ್ಯಾಯ ಅನ್ನಿಸುವುದೂ ಇದೇ.

ಅದೇ ಫೆಡರರ್ 2024ರ ಜೂನ್‌ನಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಪದವಿ ಸಮಾರಂಭದಲ್ಲಿ ಒಂದು ಲೆಕ್ಕ ಮುಂದಿಟ್ಟರು. ತಾವು ಆಡಿದ 1526 ಸಿಂಗಲ್ಸ್ ಪಂದ್ಯಗಳಲ್ಲಿ ಹತ್ತಿರ ಹತ್ತಿರ ಶೇ 80ರಷ್ಟು ಗೆದ್ದಿದ್ದಾರೆ, ಆದರೆ ಪಾಯಿಂಟ್‌ಗಳಲ್ಲಿ ಗೆದ್ದದ್ದು ಶೇ 54 ಮಾತ್ರ. ಇಷ್ಟು ಸಣ್ಣ ಅಂತರ ಅಷ್ಟು ದೊಡ್ಡದಾಗುವುದು ಹೇಗೆ? ಪದರಗಳಿಂದಲೇ.

ಕಾಗದದ ಮೇಲೆ ಮಾಡಿ ನೋಡಬಹುದು. ಪ್ರತಿ ಪಾಯಿಂಟ್ ಗೆಲ್ಲುವ ಸಾಧ್ಯತೆ ಶೇ 55 ಇರುವ ಆಟಗಾರ್ತಿಯೊಬ್ಬರು ಇದ್ದಾರೆ ಅಂದುಕೊಳ್ಳಿ. ಸರ್ವ್ ಯಾರದಾದರೂ ಅಷ್ಟೇ ಅಂತ ಇಟ್ಟುಕೊಳ್ಳೋಣ. ಆಗ ಅವರು ಒಂದು ಗೇಮ್ ಗೆಲ್ಲುವ ಸಾಧ್ಯತೆ ಸುಮಾರು ಶೇ 62. ಸೆಟ್ ಗೆಲ್ಲುವ ಸಾಧ್ಯತೆ ಸುಮಾರು ಶೇ 81. ಮೂರು ಸೆಟ್‌ಗಳ ಪಂದ್ಯಕ್ಕೆ ಸುಮಾರು ಶೇ 91. ಪ್ರತಿ ಪದರ ದಾಟಿದಾಗಲೂ ಸಣ್ಣ ಮೇಲುಗೈ ಹಿಗ್ಗುತ್ತಾ ಹೋಗುತ್ತದೆ. ಆಟ ಉದ್ದವಾದಷ್ಟೂ ಬಲಶಾಲಿಗೆ ಲಾಭ, ಚಿಕ್ಕದಾದಷ್ಟೂ ದುರ್ಬಲರಿಗೆ ಅವಕಾಶ.

ಈ ಒಂದು ಮಾತು ನೆನಪಿದ್ದರೆ ಸ್ಕೋರಿಂಗ್ ಬದಲಾವಣೆಗಳೆಲ್ಲ ಅರ್ಥವಾಗುತ್ತವೆ. ಡ್ಯೂಸ್‌ನಲ್ಲಿ ಎರಡರ ಅಂತರ ಬೇಕು ಎಂದಾಗ ಅದೇ ಆಟಗಾರ್ತಿ ಅಲ್ಲಿಂದ ಗೇಮ್ ಗೆಲ್ಲುವ ಸಾಧ್ಯತೆ ಸುಮಾರು ಶೇ 60. ಪುರುಷರ ವೃತ್ತಿಪರ ಟೆನಿಸ್ ಟೂರ್ ಆದ ಎಟಿಪಿಯ ಡಬಲ್ಸ್‌ನಲ್ಲಿ 2006ರಿಂದ ಡ್ಯೂಸ್ ಆದರೆ ಒಂದೇ ಪಾಯಿಂಟ್ ಆಡಿಸಿ ಗೇಮ್ ಮುಗಿಸುತ್ತಾರೆ. ಗೋಡೆಗಳ ನಡುವೆ ಆಡುವ, ಟೆನಿಸ್‌ನಂಥ ಪೇಡಲ್ ಆಟದಲ್ಲೂ ಗೋಲ್ಡನ್ ಪಾಯಿಂಟ್ ಅಂತ ಇದು ಬಂತು. ಹಾಗೆ ಆಡಿಸಿದರೆ ಆ ಶೇ 60 ಮತ್ತೆ ಶೇ 55ಕ್ಕೆ ಇಳಿಯುತ್ತದೆ. ಸಮಯ ಉಳಿಯುತ್ತದೆ, ಅಚ್ಚರಿಯ ಫಲಿತಾಂಶ ಜಾಸ್ತಿಯಾಗುತ್ತದೆ. ಒಂದನ್ನು ಕೊಟ್ಟು ಇನ್ನೊಂದನ್ನು ಕೊಂಡ ಹಾಗೆ.

ಮುಗಿಸುವುದು ಹೇಗೆ?

ಎರಡರ ಅಂತರ ಯಾಕೆ ಬೇಕು ಎನ್ನುವುದಕ್ಕೆ ಟೇಬಲ್ ಟೆನಿಸ್‌ನಲ್ಲಿ ಚೆಂದದ ಉತ್ತರ ಇದೆ. 10-10 ಆದ ಕೂಡಲೇ ಸರ್ವ್ ಒಂದೊಂದೇ ಪಾಯಿಂಟಿಗೆ ಕೈ ಬದಲಾಗುತ್ತದೆ. ಆಮೇಲೆ ಇಬ್ಬರೂ ತಮ್ಮ ತಮ್ಮ ಸರ್ವ್ ಮಾತ್ರ ಗೆಲ್ಲುತ್ತಾ ಹೋದರೆ 11-10, 11-11, 12-11, 12-12 ಹೀಗೇ ಸಾಗುತ್ತದೆ. ಎರಡು ಪಾಯಿಂಟ್ ಮುಂದೆ ಹೋಗಬೇಕಾದರೆ ಎದುರಾಳಿಯ ಸರ್ವ್‌ನಲ್ಲೂ ಒಂದು ಗೆಲ್ಲಲೇಬೇಕು. ಸರ್ವ್ ಮೊದಲು ಸಿಕ್ಕಿತು ಎನ್ನುವ ಅದೃಷ್ಟದಿಂದ ಗೆಲುವು ಬರುವುದಿಲ್ಲ.

ಟೆನಿಸ್ ಟೈ ಬ್ರೇಕ್‌ನ ವಿಚಿತ್ರ ಸರದಿಗೂ ಕಾರಣ ಇದೇ. ಮೊದಲಿಗೆ ಒಬ್ಬರು ಒಂದೇ ಸರ್ವ್ ಮಾಡುತ್ತಾರೆ, ಆಮೇಲೆ ಇಬ್ಬರೂ ತಲಾ ಎರಡೆರಡು. ಒಂದು ಮಾಡಿ ನಿಂತವರು, ಎರಡು ಮಾಡಿದವರಿಗಿಂತ ಹಿಂದೆ ಬೀಳುತ್ತಾರೆ, ಮತ್ತೆ ಎರಡು ಮಾಡಿ ಮುಂದೆ ಬರುತ್ತಾರೆ. ಯಾವ ಹೊತ್ತಿನಲ್ಲೂ ಒಬ್ಬರು ಇನ್ನೊಬ್ಬರಿಗಿಂತ ಒಂದೇ ಒಂದು ಸರ್ವ್‌ಗಿಂತ ಹೆಚ್ಚು ಮುಂದೆ ಹೋಗುವುದಿಲ್ಲ.

ಆದರೆ ಎರಡರ ಅಂತರಕ್ಕೆ ಮಿತಿ ಇಲ್ಲದಿದ್ದರೆ ಆಟ ಮುಗಿಯದೇ ಹೋಗುವ ಅಪಾಯ ಇದೆ. 2010ರ ವಿಂಬಲ್ಡನ್‌ನಲ್ಲಿ ಜಾನ್ ಇಸ್ನರ್ ಮತ್ತು ನಿಕೋಲಾಸ್ ಮಹು ಆಡಿದ ಪಂದ್ಯ ಮೂರು ದಿನಗಳಲ್ಲಿ 11 ಗಂಟೆ 5 ನಿಮಿಷ ನಡೆಯಿತು. ಐದನೇ ಸೆಟ್ ಒಂದೇ 8 ಗಂಟೆ 11 ನಿಮಿಷ, ಸ್ಕೋರ್ 70-68. ಇಬ್ಬರದೂ ಜೋರಾದ ಸರ್ವ್, ಒಬ್ಬರು ಸರ್ವ್ ಮಾಡುವ ಗೇಮನ್ನು ಇನ್ನೊಬ್ಬರಿಗೆ ಗೆಲ್ಲಲಾಗುತ್ತಿಲ್ಲ, ಆಗಿನ ನಿಯಮದಲ್ಲಿ ಐದನೇ ಸೆಟ್‌ಗೆ ಟೈ ಬ್ರೇಕ್ ಇಲ್ಲ. ಕೋರ್ಟಿನ ಸ್ಕೋರ್‌ಬೋರ್ಡ್ 47-47ಕ್ಕೆ ನಿಂತುಹೋಯಿತು, ಅದಕ್ಕಿಂತ ಮುಂದಕ್ಕೆ ಎಣಿಸುವಂತೆ ಅದನ್ನು ತಯಾರು ಮಾಡಿರಲೇ ಇಲ್ಲ. ಆ ಪಂದ್ಯದಲ್ಲೂ ಜಾಸ್ತಿ ಪಾಯಿಂಟ್ ಗೆದ್ದವರು ಸೋತವರೇ. ಮಹು 502, ಇಸ್ನರ್ 478. ಗೆದ್ದ ಇಸ್ನರ್ ಮುಂದಿನ ಸುತ್ತಿನಲ್ಲಿ ನೇರ ಸೆಟ್‌ಗಳಿಂದ ಸೋತು ಹೊರಟರು. ಮೈಯಲ್ಲಿ ಇನ್ನೇನು ಉಳಿದಿರುತ್ತದೆ?

ವಿಂಬಲ್ಡನ್ 2019ರಲ್ಲಿ ಕೊನೆಯ ಸೆಟ್‌ಗೆ 12-12ರಲ್ಲಿ ಟೈ ಬ್ರೇಕ್ ತಂದಿತು. ಆ ಫೈನಲ್‌ನ 13-12 ಸ್ಕೋರ್ ಬಂದದ್ದು ಹೀಗೆ. 2022ರಿಂದ ನಾಲ್ಕೂ ಗ್ರ್ಯಾಂಡ್ ಸ್ಲಾಮ್‌ಗಳಲ್ಲಿ ಕೊನೆಯ ಸೆಟ್ 6-6 ಆದರೆ 10 ಪಾಯಿಂಟ್‌ಗಳ ಟೈ ಬ್ರೇಕ್. ಟೈ ಬ್ರೇಕ್ ಎಂಬುದನ್ನೇ ಬೆಳೆಸಿದ್ದು ಅಮೆರಿಕದ ಜಿಮ್ಮಿ ವ್ಯಾನ್ ಆಲೆನ್, ಅದನ್ನು ಮೊದಲು ಒಪ್ಪಿಕೊಂಡ ಗ್ರ್ಯಾಂಡ್ ಸ್ಲಾಮ್ 1970ರ ಯುಎಸ್ ಓಪನ್. ಬ್ಯಾಡ್ಮಿಂಟನ್‌ನ ದಾರಿ ಇನ್ನೂ ನೇರ. 21 ಪಾಯಿಂಟ್‌ಗಳ ಪದ್ಧತಿಯಲ್ಲಿ 20-20ರಿಂದ ಎರಡರ ಅಂತರ ಬೇಕು, ಆದರೆ 29-29 ಆದರೆ ಮುಂದಿನ ಒಂದೇ ಪಾಯಿಂಟಿಗೆ ಗೇಮ್ ಮುಗಿಯುತ್ತದೆ.

ಒಂದೇ ಪಾಯಿಂಟ್ ಮುಗಿಯದೇ ಹೋದರೆ? ಅದೂ ಆಗಿದೆ. 1936ರಲ್ಲಿ ಪ್ರಾಗ್‌ನಲ್ಲಿ ನಡೆದ ವಿಶ್ವ ಟೇಬಲ್ ಟೆನಿಸ್ ಚಾಂಪಿಯನ್‌ಷಿಪ್‌ನಲ್ಲಿ ಅಲೋಜಿ ಎರ್ಲಿಚ್ ಮತ್ತು ಫರ್ಕಾಸ್ ಪನೆತ್ ಆಡಿದ ಮೊದಲ ಪಾಯಿಂಟ್ ಎರಡು ಗಂಟೆಗೂ ಮೇಲೆ ನಡೆಯಿತು. ಇಬ್ಬರೂ ಚೆಂಡನ್ನು ತಳ್ಳುತ್ತಲೇ ಇದ್ದರು, ಯಾರೂ ಹೊಡೆಯಲು ಹೋಗಲಿಲ್ಲ. ಈಗ ಅದಕ್ಕೊಂದು ನಿಯಮ ಇದೆ. ಒಂದು ಗೇಮ್ ಹತ್ತು ನಿಮಿಷ ದಾಟಿ, ಇಬ್ಬರ ಪಾಯಿಂಟ್ ಸೇರಿ 18 ಆಗಿರದಿದ್ದರೆ ಎಕ್ಸ್‌ಪಿಡೈಟ್ ಪದ್ಧತಿ ಶುರು. ಆಗ ಸರ್ವ್ ಒಂದೊಂದೇ ಬದಲಾಗುತ್ತದೆ, ಎದುರಿಸುವವರು 13 ಸಲ ಸರಿಯಾಗಿ ವಾಪಸ್ ಕಳಿಸಿದರೆ ಪಾಯಿಂಟ್ ಅವರದೇ. ಸರ್ವ್ ಮಾಡಿದವರು ಕೂತು ಕಾಯುವಂತಿಲ್ಲ, ದಾಳಿ ಮಾಡಲೇಬೇಕು.

ಪಿಕಲ್‌ಬಾಲ್ ಈಗ ನಿಂತಿರುವ ಕವಲು

ಬ್ಯಾಡ್ಮಿಂಟನ್, ಸ್ಕ್ವಾಷ್ ಎರಡೂ ದಾಟಿ ಬಂದ ಪ್ರಶ್ನೆ ಈಗ ಪಿಕಲ್‌ಬಾಲ್ ಮುಂದೆ ನಿಂತಿದೆ. 2021ರಲ್ಲಿ ಶುರುವಾದ ಮೇಜರ್ ಲೀಗ್ ಪಿಕಲ್‌ಬಾಲ್ 21 ಪಾಯಿಂಟ್‌ಗಳ ರ್‍ಯಾಲಿ ಸ್ಕೋರಿಂಗ್ ಹಿಡಿದು ಬಂತು. ಇನ್ನೊಂದು ವೃತ್ತಿಪರ ಟೂರ್ನಿ ಸರಣಿಯಾದ ಪಿಪಿಎ ಟೂರ್ 11ರ ಸೈಡ್ ಔಟ್ ಲೆಕ್ಕದಲ್ಲಿ ಬೆಳೆಯಿತು. ರ್‍ಯಾಲಿ ಸ್ಕೋರಿಂಗ್‌ನಲ್ಲಿ ಮೂರನೇ ಸಂಖ್ಯೆಯ ಗೊಂದಲ ಇರುವುದಿಲ್ಲ, ಗೇಮ್ ಎಷ್ಟು ಹೊತ್ತಿಗೆ ಮುಗಿಯುತ್ತದೆ ಅಂತ ಅಂದಾಜು ಸಿಗುತ್ತದೆ, ಹೊಸಬರಿಗೆ ಐದು ನಿಮಿಷದಲ್ಲಿ ಕಲಿಸಬಹುದು.

ಕಳೆದುಕೊಳ್ಳುವುದೂ ಇದೆ. ಸೈಡ್ ಔಟ್‌ನಲ್ಲಿ 10-2 ಮುಂದಿದ್ದರೂ ಕೊನೆಯ ಪಾಯಿಂಟನ್ನು ನಿಮ್ಮ ಸರ್ವ್‌ನಲ್ಲೇ ಗೆಲ್ಲಬೇಕು. ಎದುರಾಳಿ ಸರ್ವ್ ಮಾಡುವಾಗ ಹೊಡೆತ ಗೆರೆಯಾಚೆ ಹೋಯಿತು ಅಂತ ಪಂದ್ಯ ಮುಗಿಯುವುದಿಲ್ಲ. ಹಿಂದಿದ್ದವರು ಮೇಲೆದ್ದು ಬರುವ ಅವಕಾಶ ಕೊನೆಯವರೆಗೂ ಜೀವಂತ. ಈ ಗುಣವನ್ನು ಉಳಿಸಿಕೊಳ್ಳಲೆಂದೇ ಮೇಜರ್ ಲೀಗ್ ಕೆಲವು ಸೀಸನ್‌ಗಳಲ್ಲಿ ಫ್ರೀಜ್ ನಿಯಮ ಇಟ್ಟಿತ್ತು. ಗೇಮ್ ಪಾಯಿಂಟಿನ ಹತ್ತಿರ ಬಂದ ತಂಡ ಅಲ್ಲಿಂದ ಮುಂದಕ್ಕೆ ತನ್ನ ಸರ್ವ್‌ನಲ್ಲಿ ಮಾತ್ರ ಪಾಯಿಂಟ್ ಗಳಿಸಬಹುದು. ಅಂದರೆ ರ್‍ಯಾಲಿ ಸ್ಕೋರಿಂಗ್‌ನ ಬಾಲಕ್ಕೆ ಸೈಡ್ ಔಟನ್ನು ಕಟ್ಟಿದ ಹಾಗಾಯಿತು.

ನನ್ನ ಅಭಿಪ್ರಾಯ ಕೇಳಿದರೆ, ನಾಲ್ಕೇ ಜನ ಇದ್ದು ಕೋರ್ಟ್ ಪೂರ್ತಿ ನಿಮ್ಮದೇ ಆಗಿದ್ದರೆ ಸೈಡ್ ಔಟ್ ಆಡಿ. ಸರ್ವ್‌ಗೆ ಬೆಲೆ ಕೊಡುವುದನ್ನು, ತಾಳ್ಮೆಯಿಂದ ಕಿಚನ್ ಗೆರೆಗೆ ಬರುವುದನ್ನು ಅದು ಕಲಿಸುತ್ತದೆ. ಹೊರಗೆ ಎಂಟು ಜನ ಪ್ಯಾಡಲ್ ಹಿಡಿದು ಕಾಯುತ್ತಿದ್ದರೆ ರ್‍ಯಾಲಿ ಸ್ಕೋರಿಂಗ್ ಆಡಿ, ಎಲ್ಲರಿಗೂ ಬೇಗ ಸರದಿ ಸಿಗುತ್ತದೆ. ಯಾವುದನ್ನೇ ಆಡಿದರೂ ಮೊದಲ ಸರ್ವ್‌ಗೆ ಮುಂಚೆ ನಾಲ್ಕು ಮಾತು ಆಡಿಕೊಳ್ಳಿ: ಎಷ್ಟಕ್ಕೆ ಗೇಮ್, ಒಂದರ ಅಂತರವೋ ಎರಡರದೋ, ಕೊನೆಯ ಪಾಯಿಂಟ್ ಸರ್ವ್ ಇದ್ದವರಿಗೆ ಮಾತ್ರವೋ ಯಾರಿಗಾದರೂ ಸರಿಯೋ. ರ್‍ಯಾಲಿ ಸ್ಕೋರಿಂಗ್ ಆದರೆ ಇನ್ನೊಂದು: ಒಬ್ಬರು ಸೋತ ಕೂಡಲೇ ಸರ್ವ್ ಆಚೆ ಹೋಗಬೇಕೋ, ಜೊತೆಗಾರರಿಗೂ ಒಂದು ಅವಕಾಶ ಇದೆಯೋ. ಆಮೇಲೆ ಪ್ರತಿ ಸರ್ವ್‌ಗೂ ಮುಂಚೆ ಸ್ಕೋರನ್ನು ನಾಲ್ವರಿಗೂ ಕೇಳುವಷ್ಟು ಜೋರಾಗಿ ಕೂಗಿ. ಯಾರಿಗಾದರೂ ಅದು ತಪ್ಪು ಅನ್ನಿಸಿದರೆ ಚೆಂಡು ಹೊಡೆಯುವ ಮೊದಲೇ ಹೇಳಲಿ.